ನಾಯಕಿಯ ಹೆಸರಿಗೆ ಜಾಗವಿಲ್ಲದ ಹಲಗೆ

ಮಾರ್ಚ್ ೧೪, ಶುಕ್ರವಾರ.

ಇನ್ನೂ ಮೈ ಉರಿಯುತ್ತಿದೆ. ಅಂತರ ವಿಶ್ವವಿದ್ಯಾಲಯ ವಾಲಿಬಾಲ್ ಕಪ್ ಗೆದ್ದರೆ ನಾಯಕನ ಹೆಸರನ್ನು ನಮ್ಮ ಕ್ರೀಡಾಂಗಣದ ಹಲಗೆಯಲ್ಲಿ ಬರೆಸುವುದು ಹಳೆಯ ಸಂಪ್ರದಾಯ. ಈ ಸಲ ಗೆದ್ದವರು ನಾನು ತರಬೇತಿ ಕೊಟ್ಟ ಹುಡುಗಿಯರು.

ನಮ್ಮ ನಾಯಕಿಯ ಹೆಸರು ಬರೆಸಿ ಎಂದು ಕೇಳಿದರೆ ಕ್ರೀಡಾ ನಿರ್ದೇಶಕರು ನಕ್ಕುಬಿಟ್ಟರು. "ಅದು ಹುಡುಗರ ಹಲಗೆ ಕಣಮ್ಮ. ನಿಮ್ಮೋರಿಗೆ ಬೇರೆ ಮಾಡಿಸೋಣ, ಮುಂದಿನ ವರ್ಷ."

ಹದಿನಾರು ವರ್ಷಗಳ ಹಿಂದೆ ನಾನು ನಾಯಕಿಯಾಗಿ ಗೆದ್ದಾಗಲೂ ಇದೇ ಮಾತು. ಆಗ ತಲೆಯಾಡಿಸಿ ಬಂದಿದ್ದೆ, ಪೆದ್ದಿ.

ಇವತ್ತು ಅವರ ಮೇಜಿನ ಮೇಲಿದ್ದ ಕಪ್ಪನ್ನು ಎತ್ತಿಕೊಂಡೆ. "ಹೆಸರು ಬರೆಸಿದ ದಿನ ತಂದುಕೊಡ್ತೀನಿ ಸಾರ್" ಎಂದೆ.

ಹೊರಗೆ ನಿಂತಿದ್ದ ಈ ಸಲದ ನಾಯಕಿ ಬಿಳಿಚಿಕೊಂಡಿದ್ದಳು. "ಮೇಡಂ, ನಿಮ್ಮ ಕೆಲಸ ಹೋದ್ರೆ?"

ಅವಳ ಬೆನ್ನು ತಟ್ಟಿ ಮನೆಗೆ ಬಂದೆ. ಕಪ್ ಈಗ ಅಡುಗೆಮನೆಯಲ್ಲಿದೆ, ಹಾಲಿನ ಪಾತ್ರೆಯ ಪಕ್ಕ. ಸುಳ್ಳೇಕೆ, ಹೆದರಿಕೆಯಾಗುತ್ತಿದೆ. ಆದರೂ ನಾಳೆ ನಿರ್ದೇಶಕರು ಫೋನ್ ಮಾಡಿ ಬೈದರೆ, ನಾನು ಇವತ್ತಿನ ಮಾತನ್ನೇ ಹೇಳುತ್ತೇನೆ: ಮೊದಲು ಹಲಗೆಯಲ್ಲಿ ಹೆಸರು, ಆಮೇಲೆ ಕಪ್.