ಬಿಸಿಲಿಗಿಟ್ಟ ಬಟ್ಟಲು

ಮೊಂಡಿ,

ಹಾಲು ಕಾಯಿಸಿಟ್ಟಿದ್ದೇನೆ. ನಿನ್ನ ಸಾಮಾನಿನ ಗಾಡಿ ಮಧ್ಯಾಹ್ನ ಬರುತ್ತದೆ. ಪಾತ್ರೆಯ ಪೆಟ್ಟಿಗೆಗೆ ಹಗ್ಗ ಬಿಗಿಯಾಗಿ ಕಟ್ಟು, ನಿನ್ನ ಗಂಟುಗಳನ್ನು ನಾನು ಬಲ್ಲೆ. ನೀಲಿ ಹೊದಿಕೆಯನ್ನು ನೀನೇ ಒಯ್ಯು.

ನಿನ್ನೆ ಜಗಳವಾದಾಗ ಹೊರಗಿಟ್ಟಿದ್ದ ಐಸಿನ ಬಟ್ಟಲು ಫ್ರಿಜ್ಜಿನಲ್ಲಿ ಹಾಲಿನ ಹಿಂದೆ ಸಿಕ್ಕಿತು. ಕಳ್ಳಿ! "ಐಸ್ ಕರಗೋ ತನಕ ಮಾತು ಬಿಡಿ, ನೀರಾದ್ಮೇಲೆ ಯಾರೂ ಮುಖ ಊದಿಸ್ಕೊಂಡಿರಬಾರ್ದು" ಅಂತ ತಾನೇ ಅಮ್ಮ ಮಾಡಿದ ಕಾಯಿದೆ? ಅದನ್ನು ತಣ್ಣಗೆ ಬಚ್ಚಿಟ್ಟು ಮುನಿಸು ಬೆಳೆಸು ಅಂತ ಅವಳು ಯಾವಾಗ ಹೇಳಿದ್ದಳು? ರಾತ್ರಿಯೆಲ್ಲ ಕಳೆದರೂ ಐಸಿನ ಅಂಚು ಮಾತ್ರ ಕರಗಿ ನುಣುಪಾಗಿದೆ.

ಈಗ ಬಟ್ಟಲನ್ನು ಅಡುಗೆಮನೆಯ ಕಿಟಕಿಯಲ್ಲಿ ಬಿಸಿಲಿಗಿಟ್ಟಿದ್ದೇನೆ. ಒಳಗಿದ್ದ ಗುಳ್ಳೆಗಳು, ನಿದ್ದೆಯಲ್ಲಿರುವವರ ಉಸಿರಿನಂತೆ, ಒಂದೊಂದಾಗಿ ಬಿಡುಗಡೆಯಾಗುತ್ತಿವೆ. ನಾವು ಚಿಕ್ಕವರಿದ್ದಾಗ ಅಂಗಾತ ಮಲಗಿ ನೋಡುತ್ತಿದ್ದ ಹಾಗೆ ಛಾವಣಿಯ ಮೇಲೆ ನೀರಿನ ಬೆಳಕು ತೂಗಾಡುತ್ತಿದೆ. ನೋಡುತ್ತ ನಿಂತು ಬಸ್ಸು ತಪ್ಪಿಸಿಕೊಂಡೆ. ಲಾಂಡ್ರಿಯ ಮೇಸ್ತ್ರಿ ಇವತ್ತು ಬಟ್ಟೆ ಬಿಟ್ಟು ನನ್ನನ್ನೇ ಇಸ್ತ್ರಿ ಮಾಡುತ್ತಾನೆ.

ನೀನು ಬೇರೆ ಮನೆ ಮಾಡುವುದು ನನಗೆ ಇವತ್ತೂ ಒಪ್ಪಿಗೆಯಿಲ್ಲ. ಆದರೆ ಮಾತಿಲ್ಲದೆ ನಿನ್ನನ್ನು ಕಳಿಸಲಾರೆ.

ಊಟದ ಬಿಡುವಿನಲ್ಲಿ ಫೋನ್ ಮಾಡುತ್ತೇನೆ. ಅಷ್ಟರಲ್ಲಿ ಬಿಸಿಲು ತನ್ನ ಕೆಲಸ ಮುಗಿಸಿರುತ್ತದೆ. ಮೋಡ ಬಂದು ಒಂದು ಚೂರು ಉಳಿದಿದ್ದರೆ ಅದನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ಫೋನ್ ಎತ್ತು. ನಿನ್ನ ಕೈ ಯಾವತ್ತೂ ಬೆಚ್ಚಗೆ. ಅದು ಕರಗುವ ತನಕ ನಾನು ಈ ಕಡೆ ಸುಮ್ಮನಿರುತ್ತೇನೆ, ಫೋನ್ ಇಡುವುದಿಲ್ಲ.

ಅಕ್ಕ