ಕಿವಿಯಿಟ್ಟು ಆರಿಸಿದ ಮರಿಗಳು

ಝಾಫ್ರಾನ್,
3 ನವೆಂಬರ್ 1994

ಪ್ರೀತಿಯ ತಮ್ಮ ಧಾವೂ,

ಹೇಗಿದ್ದೀಯಪ್ಪಾ? ಮಂಡಿನೋವು ಇಳಿಯಿತೇ? ಆಲಿವ್ ಎಣ್ಣೆ ಬಿಸಿಮಾಡಿ ತಿಕ್ಕು ಎಂದರೆ ನೀನು ಅದರಲ್ಲಿ ರೊಟ್ಟಿ ಅದ್ದಿ ತಿನ್ನುವ ಜಾತಿ, ನನಗೆ ಗೊತ್ತಿಲ್ಲವೇ. ಇಲ್ಲಿ ಖರ್ಜೂರ ಇಳಿಸುವ ಕೆಲಸ ನಡೆದಿದೆ. ನಿನ್ನ ಕಾಗದ ಬಂತು. ನಿನ್ನ ಹೆಣ್ಣುನಾಯಿ ಐದು ಮರಿ ಹಾಕಿದೆ, ಅಕ್ಕ ರೆಮಾದಾಕ್ಕೆ ಬಂದು ಎದೆಗೆ ಕಿವಿಯಿಟ್ಟು ಒಳ್ಳೆಯದನ್ನು ಆರಿಸಿಕೊಡಬೇಕು, ಮಗಳು ಮನ್ನಾನಳಿಗೂ ಆ ವಿದ್ಯೆ ಕಲಿಸಬೇಕು ಎಂದು ಬರೆದಿದ್ದೀಯ. ಉತ್ತರ ಬರೆಯಲು ನನಗೆ ಹನ್ನೆರಡು ದಿನ ಬೇಕಾಯಿತು.

ನಮ್ಮ ಬೇಟೆನಾಯಿ ಶೀಹಾ ಮೊಲದ ಹಿಂದೆ ಓಡುತ್ತಿದ್ದವಳು ನಡುದಾರಿಯಲ್ಲೇ ಕುಸಿದು ಬಿದ್ದಳು. ನಾಲಿಗೆ ನೀಲಿಯಾಗಿತ್ತು. ಆಮೇಲೆ ಕೆಮ್ಮು ಶುರುವಾಯಿತು, ನೀರು ಕುಡಿದರೂ ಕೆಮ್ಮು. ಒಂಟೆಗಳಿಗೆ ಚುಚ್ಚುಮದ್ದು ಹಾಕಲು ಬಂದಿದ್ದ ಡಾಕ್ಟರ್ ಹುಡುಗಿಯನ್ನು ಬೇಡಿಕೊಂಡು ಕರೆತಂದೆ. ಅವಳು ಶೀಹಾಳ ಎದೆಗೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿದಳು. ನಾನೋ, ಬಡಾಯಿಕೋರಿ, ನಗುತ್ತ ಹೇಳಿದೆ: "ಗಾಳಿ ಕೇಳಿಸ್ತಾ ಮಗಳೇ? ಮರಿಯಾಗಿದ್ದಾಗ್ಲೇ ಕೇಳಿ ಆರಿಸಿದ್ದು ನಾನು." ಅವಳು ನಗಲಿಲ್ಲ. "ದೊಡ್ಡಮ್ಮಾ, ಅದು ಗಾಳಿ ಅಲ್ಲ. ಹೃದಯದ ಬಾಗಿಲು ಸರಿಯಾಗಿ ಮುಚ್ಚಲ್ಲ, ರಕ್ತ ಹಿಂದಕ್ಕೆ ಸೋರ್ತಿದೆ. ಹುಟ್ಟಿದಾಗಿಂದ ಇರೋ ಕಾಯಿಲೆ, ಮರಿಗಳಿಗೂ ಹೋಗುತ್ತೆ" ಅಂದಳು. ವಾಸಿಯಾಗುತ್ತದೆಯೇ ಎಂದು ಕೇಳಿದೆ. ತಲೆಯಾಡಿಸಿದಳು, ಇಲ್ಲ ಎಂದು.

ನಾನು ಮೊದಲು ಅವಳ ಮೇಲೆ ರೇಗಿದೆ. ನಿನ್ನ ವಯಸ್ಸಿನ ಎರಡರಷ್ಟು ಕಾಲ ನಾಯಿ ಸಾಕಿದ್ದೇನೆ ಎಂದೆ. ಪಾಪ, ಅವಳು ಕೊಳವೆಯನ್ನು ನನ್ನ ಕಿವಿಗೇ ಇಟ್ಟಳು. ಅದೇ ಸುಯ್ ಸುಯ್ ಸದ್ದು ಧಾವೂ. ನನಗೆ ಏಳು ವರ್ಷವಿದ್ದಾಗ ಅಪ್ಪ ಮರಿಗಳನ್ನು ಮಡಿಲಿಗೆ ಹಾಕಿ, ಯಾವುದರ ಎದೆಯಲ್ಲಿ ಗಾಳಿ ಬೀಸುತ್ತದೋ ಹೇಳು, ಅದೇ ಗಾಳಿಯಂತೆ ಓಡುತ್ತದೆ ಎನ್ನುತ್ತಿದ್ದನಲ್ಲ, ಅದೇ. "ನನ್ನ ಹದ್ದೂಮ್ ಕಿವಿ ಸುಳ್ಳು ಹೇಳಲ್ಲ ಕಣ್ರೋ" ಎಂದು ಊರಿಗೆಲ್ಲ ಸಾರುತ್ತಿದ್ದ. ಸುಳ್ಳು ಹೇಳಲಿಲ್ಲ ನನ್ನ ಕಿವಿ. ಐವತ್ತು ವರ್ಷ ರೋಗವಿದ್ದದ್ದನ್ನೇ ಹುಡುಕಿ ಹುಡುಕಿ ಆರಿಸಿತು. ಅಪ್ಪನ ನಾಯಿಗಳೆಲ್ಲ ಐದಾರು ವರ್ಷಕ್ಕೇ ಬೇಟೆಯಲ್ಲಿ ಬಿದ್ದು ಸತ್ತವು, ಕುಲೀನ ಸ್ಲೂಗಿ ತಳಿಯ ನಾಯಿ ಮುದಿಯಾಗುವುದಿಲ್ಲ ಎಂದು ನಾವು ಜಂಬಪಟ್ಟೆವು. ಸ್ಲೂಗಿಯನ್ನು ಮಾರಬಾರದು, ಕೊಡಬೇಕು ಎಂದು ಮದುವೆಗೆ, ರಾಜಿಗೆ, ಸ್ನೇಹಕ್ಕೆ ಕೊಟ್ಟೆವು. ಈಗ ಈ ಸೀಮೆಯಲ್ಲಿ ನಮ್ಮ ಉಡುಗೊರೆ ಇಲ್ಲದ ಮನೆ ಯಾವುದಿದೆ ಹೇಳು? ಯಾರ ಬಾಗಿಲಿಗೆಂದು ಹೋಗಲಿ? ನನಗೆ ನಾಚಿಕೆಯಾಗುತ್ತಿದೆ, ಅಪ್ಪನ ಮೇಲೆ ಸಿಟ್ಟೂ ಬರುತ್ತಿದೆ, ಅವನ ಗೋರಿಗೆ ಹೋಗಿ ಬೈಯುವುದಕ್ಕೂ ಆಗುತ್ತಿಲ್ಲ. ಶೀಹಾ ನನ್ನ ಕಂಬಳಿಯ ಮೇಲೆ ಮಲಗಿದ್ದಾಳೆ. ಮಲಗಿದರೂ ಉಸಿರು ಸಾಲದು. ಈ ಚಳಿಗಾಲ ದಾಟುವುದಿಲ್ಲವಂತೆ.

ನಾನು ರೆಮಾದಾಕ್ಕೆ ಬರುವುದಿಲ್ಲ. ಮನ್ನಾನಳ ಹಣೆಗೆ ನನ್ನದೊಂದು ಮುತ್ತು ಕೊಡು. ನಿಮ್ಮ ಬಾವಿ ಬತ್ತದಿರಲಿ, ದೇವರು ನಿಮ್ಮನ್ನು ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ಹದ್ದೂಮ್

ಮರೆತೆ: ಟಪಾಲಿನವನು ಹೊರಗೆ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಮನ್ನಾನ ಬೇಕಾದರೆ ಕಿವಿಯಿಟ್ಟು ಕೇಳಲಿ, ಆದರೆ ಸದ್ದಿಲ್ಲದ್ದನ್ನು ಇಟ್ಟುಕೊಳ್ಳಲಿ. ಐದರಲ್ಲೂ ಸದ್ದಿದ್ದರೆ ಯಾರಿಗೂ ಕೊಡಬೇಡ, ಮರಿ ಹಾಕಿಸಬೇಡ. ಅಪ್ಪನ ತಳಿ ನಮ್ಮಲ್ಲಿಗೇ ಮುಗಿಯಲಿ. ನಿನ್ನ ಮದುವೆಗೆ ಮುಂಚೆ, ಎದೆಯಲ್ಲಿ ಗಾಳಿಯಿಲ್ಲ ಎಂದು ನಾನು ಬೇಡವೆಂದ ಬಿಳಿ ಹೆಣ್ಣುಮರಿಯನ್ನು ಅಪ್ಪ ಉಪ್ಪುಬಯಲಿನ ಕಾವಲುಗಾರನಿಗೆ ಬಿಸಾಕಿದ್ದನಲ್ಲ? ಅದರ ಸಂತಾನವಾದರೂ ಸಿಕ್ಕೀತೆಂದು ನಿನ್ನೆ ಅಷ್ಟು ದೂರ ನಡೆದುಹೋದೆ. ಹದಿನಾಲ್ಕು ವರ್ಷ ಬದುಕಿತ್ತಂತೆ, ಹೋದ ಚಳಿಗಾಲ ಸತ್ತಿತು. ಅವನು ಅಂದ: "ಒಂದಿನಾನೂ ಕೆಮ್ಲಿಲ್ಲಮ್ಮಾ, ವಯಸ್ಸಾಗಿ ಹೋಯ್ತು. ಮರಿ ಹಾಕಿಸ್ಲಿಲ್ಲ. ಕೆಲಸಕ್ಕೆ ಬಾರದ ನಾಯಿ ಅಂತ ನೀವೇ ಹೇಳಿದ್ರಲ್ಲಾ."