ಹಿತ್ತಲ ದಿಬ್ಬದ ವಿಜಯ ವಾರ್ತೆ

ಭಾನುವಾರ ಬೆಳಿಗ್ಗೆ
ಹಿತ್ತಲ ಬಾಗಿಲ ಮೆಟ್ಟಿಲು

ಸಕಲ ಸಸ್ಯಕೋಟಿ ಪರಿಪಾಲಕಿ, ಹೂಕುಂಡ ಸಾಮ್ರಾಜ್ಯದ ಏಕಮೇವ ಚಕ್ರವರ್ತಿನಿ, ಸದ್ಯ ಎಡಗಾಲಿಗೆ ಪ್ಲಾಸ್ಟರ್ ಧರಿಸಿ ಮೂಳೆ ವಾರ್ಡಿನ ಕಿಟಕಿ ಪಕ್ಕದ ಮಂಚದಲ್ಲಿ ವಿರಾಜಮಾನರಾಗಿರುವ ಸೋದರತ್ತೆಯವರ ಪಾದಕ್ಕೆ (ಬಲಗಡೆಯದಕ್ಕೆ ಮಾತ್ರ) ಸಾಷ್ಟಾಂಗ ನಮಸ್ಕಾರಗಳು.

ನನಗೆ ನೆಗಡಿಯೆಂದು ಸಿಸ್ಟರ್ ವಾರ್ಡಿನೊಳಗೆ ಬಿಡುತ್ತಿಲ್ಲ. ಆದ್ದರಿಂದ ಈ ರಾಯಸ. ಮೊದಲು ಶುಭವಾರ್ತೆ: ದಿಬ್ಬ ಉಳಿಯಿತು ಅತ್ತೆ! ಸಿಮೆಂಟು ಬರುವುದಿಲ್ಲ. ಇನ್ನು ಹೊಟ್ಟೆ ತುಂಬ ಊಟ ಮಾಡಿ.

ನೀವು ಜಾರಿ ಬಿದ್ದಂದಿನಿಂದ ಮಾವನಿಗೆ ಆ ಇಳಿಜಾರು ಕಂಡರಾಗುತ್ತಿರಲಿಲ್ಲ. "ಮಣ್ಣೂ ಬೇಡ, ಗಿಡಾನೂ ಬೇಡ, ಪೂರ್ತಿ ಸಿಮೆಂಟ್ ಬಳಿಸ್ತೀನಿ" ಎಂದು ಮೇಸ್ತ್ರಿಗೆ ಹೇಳಿಯೂ ಬಿಟ್ಟಿದ್ದರು. ಮನೆಗೆ ಬಂದು ಅದನ್ನು ನೋಡಿದರೆ ನಿಮ್ಮ ಮುಖ ಹೇಗಾದೀತೆಂದು ನೆನೆದೇ ನಾನು ಗುದ್ದಲಿ ಹಿಡಿದದ್ದು.

ಮೊದಲ ದಂಡಯಾತ್ರೆ ನಿಮಗೆ ಗೊತ್ತೇ ಇದೆ. ಸೇವಂತಿಗೆ ಸಸಿಗಳನ್ನು ಮೇಲಿಂದ ಕೆಳಕ್ಕೆ, ಶಾಲೆಯ ಪ್ರಾರ್ಥನೆಗೆ ನಿಂತವರಂತೆ ಸಾಲಾಗಿ ನೆಟ್ಟೆ. ಒಂದು ಬಕೆಟ್ ನೀರು ಸುರಿದದ್ದೇ ತಡ, ಸಾಲುಗಳ ನಡುವೆ ಚರಂಡಿ ಹರಿದು ಸಸಿಗಳು ಅಡುಗೆಮನೆಯ ಹೊಸ್ತಿಲಿಗೆ ಬಂದು ಹಾಜರಿ ಹಾಕಿದವು. ನೆಗಡಿಗೆ ಮುಂಚೆ ನಾನು ವಾರ್ಡಿಗೆ ಬಂದು ಇದನ್ನು ವರದಿ ಮಾಡಿದಾಗ, "ನೀರಿಗೆ ಜಾರುಬಂಡೆ ಮಾಡಿಕೊಟ್ಟಿದ್ದೀಯಲ್ಲೇ ಕಪೀ! ಅಡ್ಡಡ್ಡ ನೆಡು!" ಎಂದು ನೀವು ಕೂಗಿದ್ದಕ್ಕೆ ಪಕ್ಕದ ಮಂಚದವರೂ ಎದ್ದು ಕೂತರು.

ಆಮೇಲೆ ಅಭ್ಯರ್ಥಿಗಳ ಸಂದರ್ಶನ ನಡೆಸಿದೆ. ಬಿಸಿಲು ಬಡಿಯುವ ನೆತ್ತಿಗೆ ಗರಿಕೆ. ಕೆಳಗೆ ಒದ್ದೆಯಲ್ಲಿ ಒಂದೆಲಗ. ನಡುವಿನ ಕಡಿದಾದ ಜಾಗಕ್ಕೆ ಗೆಣಸಿನ ಬಳ್ಳಿ. ಗೆಣ್ಣು ನೆಲ ಮುಟ್ಟಿದಲ್ಲೆಲ್ಲ ಬೇರು ಬಿಡುವ, ನಮ್ಮ ನೆಂಟರಂತಹ ಸ್ವಭಾವ. ಬೇರಿಳಿಯುವವರೆಗೆ ಮಣ್ಣು ನಿಲ್ಲಲೆಂದು ಹಳೆಯ ಗೋಣಿಚೀಲ ಹಾಸಿ, ಗೂಟ ಬಡಿದು, ತೂತು ಮಾಡಿ ಅದರೊಳಗೆ ನೆಟ್ಟೆ.

ಆದರೆ ಬಳ್ಳಿ ಇನ್ನೂ ಸೊರಗಿ ಮಲಗಿದ್ದಾಗಲೇ, ಸೋಮವಾರ ಮೇಸ್ತ್ರಿ ಅಳತೆ ಟೇಪು ಹಿಡಿದು ಬಂದುಬಿಟ್ಟ. ಮಾವ ಬಗ್ಗಿ ನೋಡಿದರು. ಗೋಣಿಯ ನಡುವೆ ಹಳದಿ ಹೂಗಳು! "ಬೇರು ಹಿಡೀದೆ ಹೂ ಬಿಡುತ್ತೇನಯ್ಯಾ? ಒಂದು ಮಳೆ ನೋಡೋಣ, ತಡಿ" ಎಂದು ಅವನನ್ನು ವಾಪಸು ಕಳಿಸಿದರು.

ಆ ಮಳೆ ನಿನ್ನೆ ಮಧ್ಯಾಹ್ನ ಸುರಿಯಿತು. ನಾವಿಬ್ಬರೂ ಹಿತ್ತಲ ಬಾಗಿಲಲ್ಲಿ ದಿಬ್ಬವನ್ನೇ ನೋಡುತ್ತ ನಿಂತೆವು. ನೀರು ಬಂತು, ಮಣ್ಣು ಬರಲಿಲ್ಲ. ಮಾವ ಹೊಸ್ತಿಲ ಮೇಲೆ ಕುಸಿದು ಕೂತು, "ಸಿಮೆಂಟ್ ಹಾಕಿಸಿದ್ರೆ ನಿಮ್ಮತ್ತೆ ಮಾತು ಬಿಡ್ತಾಳೆ, ಮಣ್ಣು ಹಾಗೇ ಬಿಟ್ರೆ ಮತ್ತೆ ಬೀಳ್ತಾಳೆ ಅಂತ ನಿದ್ದೇನೇ ಇರಲಿಲ್ಲ ಕಣೇ" ಎಂದರು. ಆಮೇಲೆ ಮೇಸ್ತ್ರಿಗೆ ಫೋನು ಮಾಡಿ ಬೇಡವೆಂದರು. ನಿನ್ನೆ ರಾತ್ರಿ ಅವರ ಗೊರಕೆ ಬೀದಿಗೆಲ್ಲ ಕೇಳಿಸಿತು.

ಬೇಗ ಬನ್ನಿ. ದಿಬ್ಬ ಹತ್ತುವಂತಿಲ್ಲ, ಕೆಳಗೆ ಕುರ್ಚಿ ಹಾಕಿಕೊಡುತ್ತೇನೆ.

ಇಂತಿ ನಿಮ್ಮ ಆಸ್ಥಾನ ತೋಟಗಾರ್ತಿ,
ಕಪಿ

ತಾ.ಕ.: ಊಟದ ಡಬ್ಬಿಯ ಜೊತೆ ಇದನ್ನು ತರುತ್ತಿರುವವರು ಮಾವನೇ ಆದ್ದರಿಂದ ಲಕೋಟೆಗೆ ಇಷ್ಟೊಂದು ಗೋಂದು ಮೆತ್ತಿದ್ದೇನೆ. ಆ ಹಳದಿ ಹೂಗಳು ಟಿವಿ ಪಕ್ಕದ ಹೂದಾನಿಯವು. ಪ್ಲಾಸ್ಟಿಕ್ಕು. ಮೇಸ್ತ್ರಿಯ ಸ್ಕೂಟರ್ ಸದ್ದು ಕೇಳಿ ಬೇರೇನೂ ತೋಚಲಿಲ್ಲ. ಮಾವ ಈಗ ಎರಡು ಹೊತ್ತೂ ಅವಕ್ಕೆ ನೀರು ಹಾಕಿ, "ಒಂದಾದ್ರೂ ಬಾಡಿದೆಯಾ ನೋಡಿ" ಎಂದು ಪಕ್ಕದ ಮನೆಯವರನ್ನು ಕರೆದು ತೋರಿಸುತ್ತಿದ್ದಾರೆ. ಅವನ್ನು ಬಾಡಿಸುವುದು ಹೇಗೆಂದು ದಯವಿಟ್ಟು ತಿಳಿಸಿ.